ಕಲ್ಲುದಾರಿಗೆ ಟಯರ್: ಬಟನ್ ಬಿಟ್ಟು ಸೈಡ್‌ವಾಲ್ ನೋಡಿದೆ

ನನ್ನ ಬೈಕಿಗೆ ಈ ಟಯರ್ ಹಾಕಿಸಿಕೊಂಡು ಬಂದ ದಿನ ನಮ್ಮ ರೈಡಿಂಗ್ ಗುಂಪಿನವರ ಬಾಯಲ್ಲಿ ಒಂದೇ ಮಾತು: "ಏನ್ ಗುರು, ಇದರಲ್ಲಿ ಬಟನ್ನೇ ಇಲ್ಲ, ರಾಮನಗರದ ಬಂಡೆ ಹತ್ತುತ್ತಾ ಇದು?" ಬಟನ್ ಅಂದರೆ ಟಯರ್ ಮೇಲೆ ಎದ್ದು ನಿಂತಿರುವ ಎತ್ತರದ ರಬ್ಬರ್ ಉಬ್ಬುಗಳು. ಅವಿಲ್ಲದೆಯೂ ಹತ್ತಿದೆ. ಹಿಂಚಕ್ರದ ಟಯರ್ ಎಂಟು ಸಾವಿರ ಕಿಲೋಮೀಟರ್ ಹತ್ತಿರ ಬಂದಿದೆ, ಅದರಲ್ಲಿ ಅರ್ಧದಷ್ಟು ಕಲ್ಲಿನ ಮೇಲೇ ಓಡಿದ್ದು. ಅವತ್ತು ಕೇಳಿದವರಲ್ಲಿ ಇಬ್ಬರು ಈಗ ಅದನ್ನೇ ಹಾಕಿಸಿದ್ದಾರೆ. ಉಳಿದವರು ದಿನಾ ಫೋನ್ ಮಾಡಿ ಕೇಳುವುದರಿಂದ ಇಲ್ಲೇ ಬರೆದುಬಿಡುತ್ತೇನೆ.

ಗಾಡಿ ಹೀರೋ ಎಕ್ಸ್‌ಪಲ್ಸ್ 200. ಟಯರ್ ಅಳತೆ ಮುಂದೆ 90/90-21, ಹಿಂದೆ 120/80-18 (ಕೊನೆಯ ಅಂಕಿ ರಿಮ್ಮಿನ ಇಂಚು), ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಓಡಾಟ ಹೆಚ್ಚಾಗಿ ಮಾಗಡಿ, ರಾಮನಗರ, ಕನಕಪುರದ ಕಡೆ ಹಳ್ಳಿದಾರಿ, ಹಳೇ ಕ್ವಾರಿ ದಾರಿ. ವರ್ಷಕ್ಕೊಂದೆರಡು ಸಲ ಚಿತ್ರದುರ್ಗದ ಕಡೆ. ಎರಡೂ ಕಡೆ ಕಲ್ಲೇ, ಆದರೆ ಟಯರ್ ಕೊಲ್ಲುವ ರೀತಿ ಬೇರೆ. ರಾಮನಗರದ್ದು ಕ್ಲೋಸ್‌ಪೇಟ್ ಗ್ರಾನೈಟ್. ಹೆಬ್ಬೆರಳ ಉಗುರಿನಷ್ಟು ದಪ್ಪ ಹರಳುಗಳು ಎದ್ದು ನಿಂತಿರುತ್ತವೆ, ಒಣಗಿದ್ದಾಗ ಹಿಡಿತ ಚೆನ್ನಾಗಿ ಕೊಡುತ್ತದೆ, ಆದರೆ ರಬ್ಬರನ್ನು ತುರಿಯುತ್ತದೆ. ಕ್ವಾರಿಯ ಒಡೆದ ಜಲ್ಲಿ, ದುರ್ಗದ ಕಡೆಯ ಬೆಣಚುಕಲ್ಲು ತುರಿಯುವುದಿಲ್ಲ, ಸೀಳುತ್ತವೆ.

ಮೊದಲು ಎಲ್ಲರ ಹಾಗೆ ದೊಡ್ಡ ಬಟನ್ ಟಯರ್ ಹಾಕಿಸಿದ್ದೆ. ಜೋಡಿಗೆ ಒಂಬತ್ತು ಸಾವಿರ ಚಿಲ್ಲರೆ. ಕೆಸರಲ್ಲಿ, ಕೆಂಪು ಮಣ್ಣಲ್ಲಿ ಅದಕ್ಕೆ ಸಾಟಿಯಿಲ್ಲ. ಬಂಡೆಯ ಮೇಲೆ ಎತ್ತರದ ಬಟನ್ ಬಾಗುತ್ತದೆ, ಪ್ರತಿ ಸಲ ಬಾಗಿದಾಗಲೂ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಎರಡೂವರೆ ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ನಡುವಿನ ಸಾಲಿನಲ್ಲಿ ಐದಾರು ಬಟನ್ ಬುಡಸಮೇತ ಕಿತ್ತುಹೋಗಿದ್ದವು. ಉಳಿದವುಗಳ ಬುಡಕ್ಕೆ ಉಗುರು ಹಾಕಿದರೆ ಒಳಗೆ ಹೋಗುತ್ತಿತ್ತು.

ಆಮೇಲೆ ಎಲ್ಲರೂ ಹೇಳುವ ಇನ್ನೊಂದು ಉಪಾಯ: ಗಾಳಿ 15-16 ಪಿಎಸ್ಐಗೆ ಇಳಿಸು. ಹಿಡಿತ ಬಂತು, ಜೊತೆಗೆ ಪಿಂಚ್ ಪಂಕ್ಚರ್ ಬಂತು. ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು. ಒಂದು ಭಾನುವಾರ ಬೆಳಗ್ಗೆ ಎರಡು ಸಲ ಚಕ್ರ ಬಿಚ್ಚಿದ್ದೂ ಉಂಟು. ರಿಮ್ ಅಂಚು ಬೇರೆ ಒಂದು ಕಡೆ ಚಪ್ಪಟೆಯಾಯಿತು, ಅದನ್ನು ಎಬ್ಬಿಸಿ ಟ್ರೂಯಿಂಗ್ ಮಾಡಿಸಲು (ಚಕ್ರದ ಓರೆ ತೆಗೆಸಲು) ಏಳೆಂಟು ನೂರು. ನಂತರ ಹಾಕಿದ ಅಗ್ಗದ ಟಯರ್ ಕೇಳಲೇಬೇಡಿ: ಮೇಲೆ ಬಟನ್ ಭರ್ಜರಿ, ಪಕ್ಕದಲ್ಲಿ ಬಟ್ಟೆ. ಹಿರಿಯೂರಿನ ಹತ್ತಿರ ಬೆಣಚುಕಲ್ಲು ಸೈಡ್‌ವಾಲ್, ಅಂದರೆ ಟಯರಿನ ಪಕ್ಕದ ಗೋಡೆ, ಸೀಳಿ ಒಳಗಿನ ನೂಲು ಈಚೆ ಬಂತು. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಒಳಗೆ ಕೊಟ್ಟು ಊರು ಸೇರಿದೆ. ಎರಡು ವರ್ಷದಲ್ಲಿ ಟಯರ್, ಟ್ಯೂಬ್, ರಿಮ್ ಎಲ್ಲ ಸೇರಿ ಮೂವತ್ತು ಸಾವಿರ ದಾಟಿರಬೇಕು.

ಅಲ್ಲಿಂದ ನಾನು ಬಟನ್ ನೋಡುವುದನ್ನೇ ಬಿಟ್ಟೆ. ಅಂಗಡಿಗೆ ಹೋದರೆ ಮೊದಲು ತೂಕ. ಅಂಗಡಿಯವರು ಗೊಣಗಿದರು, ಪಕ್ಕದ ತರಕಾರಿ ಮಂಡಿಯ ತಕ್ಕಡಿಯಲ್ಲೇ ತೂಗಿಸಿದೆ. ಅಳತೆ ಒಂದೇ ಇದ್ದರೂ ಹಿಂಚಕ್ರದ ಬೇರೆ ಬೇರೆ ಟಯರ್‌ಗಳಲ್ಲಿ ಸುಮಾರು ಒಂದೂವರೆ ಕೆ.ಜಿ. ವ್ಯತ್ಯಾಸ ಕಂಡಿತು. ಬಟನ್ ಕಡಿಮೆ ಇದ್ದೂ ತೂಕ ಜಾಸ್ತಿ ಇದೆ ಅಂದರೆ ಆ ತೂಕ ಎಲ್ಲೋ ಒಳಗಿನ ಪದರದಲ್ಲಿ, ಪಕ್ಕದಲ್ಲಿ ಇರಲೇಬೇಕು. ಆಮೇಲೆ ಟಯರ್ ನೆಟ್ಟಗೆ ನಿಲ್ಲಿಸಿ ಮೇಲಿಂದ ಮೊಣಕಾಲಿನಲ್ಲಿ ಅದುಮಿ ನೋಡಿದೆ. ಕುಸಿದರೆ ಬೇಡ, ಎದುರು ಒದ್ದರೆ ಇಟ್ಟುಕೊಳ್ಳಿ. ಸೈಡ್‌ವಾಲ್ ಮೇಲಿನ ಲೋಡ್ ನಂಬರ್ ನೋಡಿ ಸಮಾಧಾನಪಡಬೇಡಿ. 62 ಅಂದರೆ 265 ಕೆ.ಜಿ. ಹೊರುತ್ತದೆ ಅಂತ ಅಷ್ಟೇ, ಕಲ್ಲು ತಡೆಯುತ್ತದೆ ಅಂತಲ್ಲ. ಮಿಟಾಸ್ ಅನ್ನುವ ಟಯರ್ ಕಂಪನಿಯವರು ಕೆಲವು ಮಾದರಿಗಳ ಗಟ್ಟಿ ಆವೃತ್ತಿಗೆ 'ಡಕಾರ್' ಅಂತ ಹೆಸರಿಟ್ಟು ಹಳದಿ ಪಟ್ಟಿ ಹಾಕುತ್ತಾರೆ. ಆ ತರಹದ್ದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ನಾನು ಏನು ಹೇಳುತ್ತಿದ್ದೇನೆ ಅಂತ ತಿಳಿಯುತ್ತದೆ. ನನ್ನದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಕಡೆ ಸ್ಟಾಕ್ ಬರುವುದೇ ಕಡಿಮೆ. ಹಿಂಚಕ್ರದ್ದಕ್ಕೆ ಏಳು ಸಾವಿರದ ಆಸುಪಾಸು ಕೊಟ್ಟೆ. ಬಟನ್ ಬದಲು ಇರುವ ರಬ್ಬರ್ ಬ್ಲಾಕ್‌ಗಳು ಅಗಲ, ಕುಳ್ಳು, ಒತ್ತೊತ್ತಾಗಿವೆ. ತಯಾರಾದ ವಾರ-ವರ್ಷದ ನಾಲ್ಕು ಅಂಕಿ ನೋಡದೆ ದುಡ್ಡು ಕೊಡಲಿಲ್ಲ.

ಇನ್ನೊಂದು ಸಂಗತಿ, ಅದು ಟ್ಯೂಬ್‌ಲೆಸ್ ಟಯರ್. ಟ್ಯೂಬ್ ಹಾಕಿಯೇ ಓಡಿಸುತ್ತೇನೆ. ಬೀಡ್ (ರಿಮ್ಮಿಗೆ ಕೂರುವ ಟಯರಿನ ಅಂಚು) ಬಿಗಿಯಾಗಿ ಕೂರುತ್ತದೆ, ರಿಮ್ ಮೇಲೆ ಟಯರ್ ಜಾರುವುದು ಕಡಿಮೆ. ರಿಮ್ಮಿಗೆ ಹತ್ತಿಸುವಾಗ ಬೆವರು ಇಳಿಯುತ್ತದೆ, ಪಂಕ್ಚರ್ ಅಂಗಡಿಯವರು "ಸಾರ್, ಇದನ್ನ ದಾರೀಲಿ ನೀವೊಬ್ರೇ ಬಿಚ್ಚೋಕಾಗಲ್ಲ" ಅಂದರು. ಬಿಚ್ಚಿದ್ದೇನೆ, ಟಯರ್ ಬಿಚ್ಚುವ ಮೂರು ಲಿವರ್, ಸ್ವಲ್ಪ ಸೋಪಿನ ನೀರು ಸಾಕು. ಟ್ಯೂಬ್ ದಪ್ಪನೆಯದು, ಸಾವಿರದಿನ್ನೂರು ರೂಪಾಯಿ. ಧಾರಾಳವಾಗಿ ಪೌಡರ್ ಹಚ್ಚಿ ಹಾಕಿ. ವಾಲ್ವಿನ ನಟ್ ರಿಮ್ಮಿಗೆ ಬಿಗಿಯಬೇಡಿ, ಮೇಲೆ ಕ್ಯಾಪಿಗೆ ತಾಗಿಸಿ ಬಿಡಿ. ಟಯರ್ ಜಾರಿದರೆ ವಾಲ್ವ್ ಓರೆಯಾಗಿ ನಿಮಗೆ ಕಾಣುತ್ತದೆ, ಕಿತ್ತುಹೋಗುವ ಮೊದಲೇ ಸರಿ ಮಾಡಬಹುದು. ಸ್ಪೋಕಿನ ತುದಿ ಟ್ಯೂಬಿಗೆ ತಾಗದಂತೆ ಹಾಕುವ ರಿಮ್ ಟೇಪಿನ ಮೇಲೆ ನಾನು ಇನ್ನೊಂದು ಪದರ ಹಾಕುತ್ತೇನೆ, ಅದೇನು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಗಾಳಿ ಹಿಂದೆ 23-24, ಮುಂದೆ 20-21. ಇದಕ್ಕೇ ಗುಂಪಿನಲ್ಲಿ ಹೆಚ್ಚು ಜಗಳ ಆಗಿದ್ದು. ಕಲ್ಲಿಗೆ ಇದು ಜಾಸ್ತಿ ಅಂದರು. ಸೈಡ್‌ವಾಲ್ ಗಟ್ಟಿಯಿದ್ದಾಗ ಇಷ್ಟರಲ್ಲೇ ಟಯರ್ ಬೇಕಾದಷ್ಟು ಹರಡಿಕೊಳ್ಳುತ್ತದೆ, ರಿಮ್ಮಿಗೆ ಏಟು ಬೀಳುವುದಿಲ್ಲ. ಈ ಟಯರ್ ಹಾಕಿದ ಮೇಲೆ ಪಿಂಚ್ ಪಂಕ್ಚರ್ ಒಂದೂ ಆಗಿಲ್ಲ. ಮೊಳೆ ಚುಚ್ಚಿದ್ದು ಒಂದೆರಡು ಸಲ, ಅದೂ ಟಾರ್ ರೋಡಿನಲ್ಲಿ.

ನಡುವೆ ಬೇರೆ ಆಟಗಳನ್ನೂ ಆಡಿದ್ದೇನೆ. ಹಳೇ ಟ್ಯೂಬ್ ಸೀಳಿ ಹೊಸ ಟ್ಯೂಬಿಗೆ ಹೊದಿಸಿದೆ. ಕಲ್ಲಿನಲ್ಲಿ ಸೊಗಸಾಗಿತ್ತು, ತುಮಕೂರು ಹೈವೇಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಿ ತೆಗೆದುಬಿಟ್ಟೆ. ಟ್ಯೂಬಿನೊಳಗೆ ಹಾಕುವ ತೂತು ಮುಚ್ಚುವ ದ್ರವ, ಸೀಲೆಂಟ್, ಮೊಳೆ ತೂತಿಗೆ ಸರಿ, ಪಿಂಚ್ ಸೀಳಿಗೆ ಕೆಲಸಕ್ಕೆ ಬರಲ್ಲ. ಗಟ್ಟಿ ಬ್ಲಾಕ್‌ಗಳ ಮೇಲೆ ಬಿಸಿ ಚಾಕುವಿನಿಂದ ಅಡ್ಡಗೀರು ಕೊಯ್ದದ್ದು ಮಾತ್ರ ನಿಜಕ್ಕೂ ಫಲ ಕೊಟ್ಟಿತು. ಹಿಂಚಕ್ರದ ಟಯರ್‌ನ ಅರ್ಧ ಭಾಗಕ್ಕಷ್ಟೇ ಕೊಯ್ದು ನೋಡಿದ್ದೆ; ಹಸಿ ಬಂಡೆಯಲ್ಲಿ ಜಾರಿದ ಗುರುತು ಕೊಯ್ಯದ ಭಾಗದಲ್ಲೇ ಹೆಚ್ಚು. ಎಷ್ಟು ಆಳ ಕೊಯ್ಯಬೇಕು ಅನ್ನುವುದನ್ನು ಎದುರಿಗೆ ತೋರಿಸಬೇಕು, ಬರೆದರೆ ಯಾರಾದರೂ ನೂಲಿನ ತನಕ ಇಳಿಸುತ್ತಾರೆ.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಂಡೆಯ ಮೇಲೆ ಈ ಗಟ್ಟಿ ರಬ್ಬರ್ ಜಾರುತ್ತದೆ, ಸಕಲೇಶಪುರದ ಕಡೆ ಹೋಗುವವರಿಗೆ ಹೇಳಿ ಮಾಡಿಸಿದ್ದಲ್ಲ. ಮೈಲೇಜ್ ಲೀಟರಿಗೆ ಮೂರು ಕಿಲೋಮೀಟರಿನಷ್ಟು ಇಳಿದಿದೆ. ದೂರ ಹೋಗುವಾಗ 21 ಇಂಚಿನ ಒಂದು ಟ್ಯೂಬ್ ಕಟ್ಟಿಕೊಂಡರೆ ಆಯಿತು, ಆಪತ್ತಿಗೆ ಹಿಂದಿನ 18ಕ್ಕೂ ಮಡಿಸಿ ತುರುಕಿ ಮನೆ ಸೇರಬಹುದು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಇರುವ ಗೆಳೆಯರೊಬ್ಬರಿಗೆ ಹೋದ ತಿಂಗಳು 120/90-17ರಲ್ಲಿ ಇದೇ ರೀತಿ ತೂಗಿ ಆರಿಸಿ ಕೊಟ್ಟಿದ್ದೇನೆ. ಆ ಗಾಡಿ ಇನ್ನೂ ಭಾರ, ಆದ್ದರಿಂದ ಹಿಂದೆ 26ರಿಂದ ಶುರು ಮಾಡಿದ್ದೇವೆ.