ಫಲ್ಗುಣಿಯ ದಡದಲ್ಲಿ ಮಂಜಿ, ಗರುಡ ಮತ್ತು ಕ್ಯಾಮೆರಾ

ಗುರುಪುರ ಹೊಳೆ ಎಂದೂ ಕರೆಯಲ್ಪಡುವ ಫಲ್ಗುಣಿ ನದಿಯು ಮಂಗಳೂರಿನ ಕೂಳೂರಿನ ಬಳಿ ಇನ್ನೇನು ಕಡಲು ಸೇರಿತು ಎನ್ನುವಷ್ಟರಲ್ಲಿ ದಕ್ಷಿಣಕ್ಕೆ ಹೊರಳಿ, ತಣ್ಣೀರುಬಾವಿ ಮತ್ತು ಬೆಂಗ್ರೆಯ ಮರಳುದಿಣ್ಣೆಯ ಬೆನ್ನಿಗೆ ಸಾಗಿ, ನೇತ್ರಾವತಿಯೊಡನೆ ಕೂಡಿಕೊಂಡು ಅಳಿವೆಯಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ಛಾಯಾಗ್ರಾಹಕನಿಗೆ ಈ ಹೊರಳಿಕೆ ದೊಡ್ಡ ಉಪಕಾರ ಮಾಡಿದೆ. ಇಲ್ಲಿ ನದಿಯ ಒಂದು ದಡ ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಇರುವುದರಿಂದ, ಬೆಳಿಗ್ಗೆ ಪೂರ್ವ ದಡದ ಸುಲ್ತಾನ್ ಬತ್ತೇರಿಯ ಕಡೆ ನಿಂತರೂ ಸಂಜೆ ದೋಣಿ ದಾಟಿ ಆಚೆ ದಡಕ್ಕೆ ಹೋದರೂ ಬೆಳಕು ನಮ್ಮ ಬೆನ್ನ ಹಿಂದೆಯೇ ಇರುತ್ತದೆ. ಹಳೆ ಬಂದರಿನ ದಕ್ಕೆಯಲ್ಲಿ (ಹಡಗುಕಟ್ಟೆಯಲ್ಲಿ) ಸಾಲಾಗಿ ಕಟ್ಟಿದ ಮಂಜಿಗಳ ಪೂರ್ಣ ಚಿತ್ರ ಬೇಕಿದ್ದರೆ ಬೆಂಗ್ರೆಯ ದಡದಿಂದ ಸಂಜೆ ನಾಲ್ಕೂವರೆಯ ನಂತರ ತೆಗೆಯುವುದೇ ಲೇಸು. ಅದೇ ನೋಟವನ್ನು ಬೆಳಿಗ್ಗೆ ತೆಗೆದರೆ ಹಡಗುಗಳೆಲ್ಲ ಕಪ್ಪು ಆಕೃತಿಗಳಾಗಿಬಿಡುತ್ತವೆ.

ಮಂಜಿ ಎಂದರೆ ಎಂಜಿನ್ ಅಳವಡಿಸಿದ, ಹೆಚ್ಚಾಗಿ ಮರದಿಂದ ಕಟ್ಟಿದ ಸರಕು ನೌಕೆ. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಮೊದಲಾದವುಗಳನ್ನು ಒಯ್ಯುವುದು ಇವೇ. ಮಳೆಗಾಲದಲ್ಲಿ ಇವು ಕಡಲಿಗಿಳಿಯುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧವಿರುತ್ತದೆ. ಆದುದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳುವುದು ಉತ್ತಮ. ಆಗ ಆಕಾಶ ತಿಳಿಯಾಗಿರುತ್ತದೆ, ದಕ್ಕೆಯಲ್ಲಿ ಕೆಲಸ ನಡೆದಿರುತ್ತದೆ, ವಲಸೆ ಹಕ್ಕಿಗಳೂ ಬಂದಿರುತ್ತವೆ.

ಮನೆಯಿಂದ ಹೊರಡುವ ಮುನ್ನ ಉಬ್ಬರವಿಳಿತದ ವೇಳೆಯನ್ನು ನೋಡಿಕೊಳ್ಳಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯು ಇದರ ಪಟ್ಟಿಯನ್ನು ಪ್ರಕಟಿಸುತ್ತದೆ, ಮೊಬೈಲ್ ಆ್ಯಪ್‌ಗಳಲ್ಲೂ ಇದು ಸಿಗುತ್ತದೆ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿ ಆಳ ಕಡಿಮೆಯಾಗುವುದರಿಂದ ಭಾರ ಹೊತ್ತ ನೌಕೆಗಳು ಉಬ್ಬರಕ್ಕಾಗಿ ಕಾಯುತ್ತವೆ. ಹಕ್ಕಿಗಳ ಲೆಕ್ಕ ಇದಕ್ಕೆ ತಿರುಗುಮುರುಗು. ನೀರು ಇಳಿದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು ಹೊರಬಿದ್ದಾಗಲೇ ಬೆಳ್ಳಕ್ಕಿ, ಬಕ, ಗೊರವಗಳು ಮೇಯಲು ಇಳಿಯುತ್ತವೆ. ಹಡಗು ಮತ್ತು ಹಕ್ಕಿ ಎರಡೂ ಒಂದೇ ಗಂಟೆಯಲ್ಲಿ ಸಿಗಬೇಕೆಂದು ಹಟ ಹಿಡಿದವರು ಸಾಮಾನ್ಯವಾಗಿ ಎರಡನ್ನೂ ಅರೆಬರೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ಈ ಮಾತಿಗೆ ಒಂದು ಅಪವಾದವಿದೆ, ಅದು ಗರುಡ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಗಳ ಈ ಹದ್ದಿಗೆ ದಕ್ಕೆಯೇ ಊಟದ ಮನೆ. ಮೀನು ವಿಂಗಡಿಸುವಾಗ ಚೆಲ್ಲಿದ ಚೂರು ನೀರಿನಲ್ಲಿ ತೇಲುತ್ತಿದ್ದರೆ ಅದು ಮೊದಲು ಒಂದು ಸುತ್ತು ಹಾಕಿ, ಗಾಳಿಗೆ ಎದುರಾಗಿ ತಿರುಗಿ, ರೆಕ್ಕೆ ಎತ್ತಿ ಕಾಲು ಚಾಚುತ್ತದೆ. ನೀರಿಗೆ ತಾಗುವುದು ಉಗುರು ಮಾತ್ರ, ಮೈ ನೆನೆಯುವುದಿಲ್ಲ. ಮೇಲೇರುತ್ತಲೇ ಕಾಲನ್ನು ಕೊಕ್ಕಿನ ಬಳಿಗೆ ತಂದು, ಹಾರುತ್ತಲೇ ತಿನ್ನುತ್ತದೆ. ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ ಎಂಬುದನ್ನು ದೋಣಿಯ ಬಾವುಟ ನೋಡಿ ತಿಳಿದುಕೊಂಡರೆ ಹಕ್ಕಿ ಯಾವ ಕಡೆಗೆ ಮುಖ ಮಾಡಿ ಇಳಿಯುತ್ತದೆ ಎಂಬುದನ್ನು ಮೊದಲೇ ಊಹಿಸಬಹುದು. ಶಟರ್ ವೇಗ 1/2000 ಸೆಕೆಂಡಿನಷ್ಟಿರಲಿ. ಹಕ್ಕಿಯ ಹಿಂದೆ ಕಪ್ಪು ಹಡಗಿನ ಮೈ ಬಂದರೆ ಕ್ಯಾಮೆರಾ ಮೋಸಹೋಗಿ ಬಿಳಿ ತಲೆಯನ್ನು ಸುಣ್ಣದಂತೆ ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ ತಗ್ಗಿಸಬೇಕು. ಹಕ್ಕಿಯನ್ನು ಸೆಳೆಯಲೆಂದು ಮೀನು ಎಸೆಯುವ ಚಾಳಿ ನನಗೆ ಹಿಡಿಸುವುದಿಲ್ಲ. ದಕ್ಕೆಯಲ್ಲಿ ಅದರ ಅಗತ್ಯವೂ ಇಲ್ಲ.

ಮಂಜಿಗಳಿಗೆ ಇಷ್ಟು ಆತುರ ಬೇಡ. 70ರಿಂದ 300 ಮಿಲಿಮೀಟರಿನ ಲೆನ್ಸ್ ಮತ್ತು 1/500 ಸೆಕೆಂಡ್ ಧಾರಾಳವಾಗಿ ಸಾಕು. ಆದರೆ ದಕ್ಕೆಗೆ ಕಾಲಿಡುವ ಮುನ್ನ ಅಲ್ಲಿನ ಸಿಬ್ಬಂದಿಯನ್ನೂ, ನೌಕೆಯ ಸನಿಹದಿಂದ ತೆಗೆಯುವುದಾದರೆ ಅದರ ತಂಡೇಲರನ್ನೂ (ನೌಕೆಯ ಮುಖ್ಯಸ್ಥರನ್ನೂ) ಕೇಳಿಕೊಳ್ಳಬೇಕು. ಹೊರೆ ಹೊರುವವರ ದಾರಿಗೆ ಟ್ರೈಪಾಡ್ ಚಾಚಿ ನಿಲ್ಲುವುದು ಅವರಿಗೂ ತೊಂದರೆ, ನಮಗೂ ಅಪಾಯ.

ಅಳಿವೆಯ ಬಳಿ ಗೂನುಬೆನ್ನಿನ ಡಾಲ್ಫಿನ್‌ಗಳನ್ನು ನೋಡುವ ಅವಕಾಶವಿದೆ. ಅಳಿವಿನಂಚಿನ ಪಟ್ಟಿಯಲ್ಲಿರುವ ಈ ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ದೋಣಿಯಲ್ಲಿ ಬೆನ್ನಟ್ಟಬಾರದು. ಮೊದಲು ಉದ್ದ ಮೂತಿ, ಬಳಿಕ ಗೂನು ಕಾಣಿಸಿ ಒಂದೆರಡು ಸೆಕೆಂಡಿನಲ್ಲಿ ಮುಳುಗುವುದರಿಂದ, ಮುಳುಗಿದ ಜಾಗಕ್ಕೆ ಗುರಿಯಿಟ್ಟು ಕುಳಿತರೆ ಸಿಗುವುದು ಬರೀ ನೀರು. ಅದು ಸಾಗುತ್ತಿದ್ದ ದಿಕ್ಕಿನಲ್ಲಿ ತುಸು ಮುಂದೆ ಫೋಕಸ್ ಮಾಡಿಕೊಂಡು ಕಾಯಬೇಕು.

ದೊಡ್ಡ ಹಡಗುಗಳ ಆಸೆಯಿದ್ದವರು ನದಿಗೆ ಬೆನ್ನು ಹಾಕಿ, ಮರಳುದಿಣ್ಣೆಯನ್ನು ದಾಟಿ ತಣ್ಣೀರುಬಾವಿಯ ಕಡಲ ಕಡೆಗೆ ನಡೆಯಬಹುದು. 1975ರಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ನವ ಮಂಗಳೂರು ಬಂದರಿಗೆ ಸರದಿ ಕಾಯುವ ಹಡಗುಗಳು ದೂರದಲ್ಲಿ ಲಂಗರು ಹಾಕಿರುತ್ತವೆ. ಬಂದರಿನ ಆವರಣದಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವಂತಿಲ್ಲ, ತೀರದಿಂದಲೇ ನೋಡಬೇಕು. ಹಡಗಿನ ಕೆಳಗಿನ ಕೆಂಪು ಬಣ್ಣದ ಪಟ್ಟಿ ಅಗಲವಾಗಿ ಕಂಡರೆ ಅದು ಖಾಲಿಯಿದೆ ಎಂದೂ, ಪಟ್ಟಿ ನೀರೊಳಗೆ ಮುಳುಗಿದ್ದರೆ ಭಾರ ತುಂಬಿದೆ ಎಂದೂ ಅರ್ಥ. ಹಿಂಬದಿಯಲ್ಲಿ ಹೆಸರು ಮತ್ತು ನೋಂದಣಿ ಬಂದರು, ಜೊತೆಗೆ ಹಡಗಿನ ಗುರುತಾದ ಏಳಂಕಿಯ ಐಎಂಒ ಸಂಖ್ಯೆ ಇರುತ್ತವೆ. ಹೆಸರು ಬದಲಾದರೂ ಆ ಸಂಖ್ಯೆ ಬದಲಾಗದು, ಟಿಪ್ಪಣಿ ಪುಸ್ತಕಕ್ಕೆ ಅದನ್ನೇ ಬರೆದುಕೊಳ್ಳಿ. ಅಂತರರಾಷ್ಟ್ರೀಯ ಯಾನದ 300 ಟನ್ನೇಜ್‌ಗೆ ಮೇಲ್ಪಟ್ಟ ಹಡಗುಗಳೆಲ್ಲ ತಾವಿರುವ ಜಾಗವನ್ನು ತಿಳಿಸುವ ಎಐಎಸ್ ಸಂಕೇತ ಕಳುಹಿಸಬೇಕಾದ್ದರಿಂದ ಮೆರೈನ್‌ಟ್ರಾಫಿಕ್‌ನಂಥ ಆ್ಯಪ್‌ನಲ್ಲಿ ಅವುಗಳ ಜಾಡು ಸಿಗುತ್ತದೆ. ಮಂಜಿಗಳಿಗೆ ಇದನ್ನು ನಂಬಿ ಕೂರಬೇಡಿ.

ಕೊನೆಯದಾಗಿ ಉಪ್ಪು ಮತ್ತು ಸೆಕೆಯ ವಿಚಾರ. ಒಮ್ಮೆ ಎ.ಸಿ. ಕಾರಿನಿಂದ ಇಳಿದವನೇ ಕ್ಯಾಮೆರಾ ತೆಗೆದಿದ್ದೆ. ಎದುರಿಗೇ ಒಂದು ಮಂಜಿ ಅಳಿವೆಯತ್ತ ಹೊರಟಿತ್ತು, ಲೆನ್ಸಿನ ಗಾಜಿನ ಮೇಲೆ ಮಂಜು ಕವಿದಿತ್ತು, ನಾನು ಬಟ್ಟೆಯಿಂದ ಒರೆಸಿದಷ್ಟೂ ಅದು ಮತ್ತೆ ಕವಿಯಿತು. ಅಂದಿನಿಂದ ನಾನು ಹೊರಡುವಾಗಲೇ ಎ.ಸಿ. ಆರಿಸಿ, ಚೀಲವನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿನ ಸೆಕೆಗೆ ಒಗ್ಗಲು ಬಿಡುತ್ತೇನೆ. ಮನೆಗೆ ಮರಳಿದ ಮೇಲೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈಯನ್ನು ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬಿಯಲ್ಲಿಡಬೇಕು.