ಸಿನಿಮಾ ಮೇಳಕ್ಕೆ ಕೊಡಗಿನ ಕುರುಕಲು: ತಯಾರಿ ಮಾಡಿಕೊಳ್ಳುವುದು ಹೇಗೆ?

ಥಿಯೇಟರಿನಲ್ಲಿ ಲೈಟು ಆರಿತು ಅಂದರೆ ಕೈ ತಾನಾಗಿಯೇ ಪೊಟ್ಟಣದೊಳಗೆ ಹೋಗುತ್ತದೆ. ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ. ಆ ಪೊಟ್ಟಣದಲ್ಲಿ ನಮ್ಮ ಕೊಡಗಿನ ಕರಿಮೆಣಸಿನ ಘಮ ಯಾಕಿರಬಾರದು? ವಿರಾಜಪೇಟೆ ಕಡೆಯ ಒಂದು ಟಾಕೀಸಿನ ಕ್ಯಾಂಟೀನನ್ನು ನಾನು ಕೆಲವು ವರ್ಷ ನೋಡಿಕೊಂಡಿದ್ದೆ. ಈಗ ಬಾಳೆಕಾಯಿ ಚಿಪ್ಸ್, ಚಾಕೊಲೇಟ್, ಕಾಫಿಪುಡಿ ಮಾಡುವ ಸಣ್ಣ ಗುಂಪುಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: ನಮ್ಮ ತಿಂಡಿ ದೊಡ್ಡ ಊರಿನ ಥಿಯೇಟರಿಗೆ ಹೋಗಬೇಕಾದರೆ ಯಾರನ್ನು ಹಿಡಿಯಬೇಕು?

ಹಿಡಿಯಬೇಕಾದವರು ಒಂದೇ ಕಡೆ ಸಿಗುವ ಜಾಗ ಸಿನಿಮಾ ವ್ಯಾಪಾರ ಮೇಳ. ಚಿತ್ರೋತ್ಸವ ಬೇರೆ, ಇದು ಬೇರೆ. ಇದು ಥಿಯೇಟರ್ ನಡೆಸುವವರಿಗಾಗಿಯೇ ನಡೆಯುವ ಮೇಳ. ಪ್ರೊಜೆಕ್ಟರ್, ಪರದೆ, ಸ್ಪೀಕರ್, ಕುರ್ಚಿ ಮಾರುವವರು ಮಳಿಗೆ ಹಾಕಿರುತ್ತಾರೆ. ಪಕ್ಕದಲ್ಲೇ ಪಾಪ್‌ಕಾರ್ನ್ ಯಂತ್ರದವರು, ನಾಚೋಸ್‌ನವರು, ತಂಪು ಪಾನೀಯದವರು ಇರುತ್ತಾರೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ 2011ರಿಂದ ಸಿನಿಮಾಕಾನ್ ನಡೆಯುತ್ತಿದೆ. ಯುರೋಪಿನವರದ್ದು ಬಾರ್ಸಿಲೋನಾದ ಸಿನಿಯುರೋಪ್. ನಮ್ಮ ದೇಶದಲ್ಲಿ ಬಿಗ್ ಸಿನಿ ಎಕ್ಸ್‌ಪೋ ಇದೆ.

ಪ್ರೊಜೆಕ್ಟರಿನ ಮೇಳದಲ್ಲಿ ತಿಂಡಿಗೇನು ಕೆಲಸ ಅನ್ನಿಸಬಹುದು. ಟಿಕೆಟ್ ದುಡ್ಡಿನಲ್ಲಿ ಸಾಮಾನ್ಯವಾಗಿ ವಿತರಕರಿಗೂ ಪಾಲು ಹೋಗುತ್ತದೆ. ಕ್ಯಾಂಟೀನಿನ ದುಡ್ಡು ಥಿಯೇಟರಿನದ್ದೇ. ಅದಕ್ಕೇ ಮಾಲೀಕರು ತಿಂಡಿ ಮಳಿಗೆಯ ಮುಂದೆ ನಿಂತು ಅಷ್ಟು ಹೊತ್ತು ಮಾತಾಡುತ್ತಾರೆ.

ಯಾವ ತಿಂಡಿ ಒಯ್ಯಬೇಕು?

ಒಳ್ಳೆ ರುಚಿ ಇದ್ದರೆ ಸಾಕು ಅಂತ ನಾನೂ ನಂಬಿದ್ದೆ. ಆದರೆ ಮಾಲೀಕರು ರುಚಿಯ ಜೊತೆಗೆ ಇನ್ನೆರಡನ್ನು ನೋಡುತ್ತಾರೆ. ಇದನ್ನು ಇಂಟರ್ವಲ್ ಮುಗಿಯುವುದರೊಳಗೆ ಎಲ್ಲರಿಗೂ ಕೊಡಲು ಆಗುತ್ತದಾ? ಕತ್ತಲಲ್ಲಿ, ನೋಡದೆ, ಒಂದೇ ಕೈಯಲ್ಲಿ ತಿನ್ನಲು ಬರುತ್ತದಾ? ಈ ಎರಡು ಪರೀಕ್ಷೆ ದಾಟದ ತಿಂಡಿಗೆ ಎಷ್ಟೇ ರುಚಿ ಇದ್ದರೂ ಆರ್ಡರ್ ಸಿಗುವುದಿಲ್ಲ.

ಆದ್ದರಿಂದ ಪಂದಿಕರಿ ಮನೆಯಲ್ಲೇ ಇರಲಿ. ಕಡಂಬುಟ್ಟು, ಪಾಪುಟ್ಟು ಕೂಡ. ಅವು ಊಟ. ತಟ್ಟೆ ಬೇಕು, ರಸ ಬೇಕು, ಬಿಸಿ ಬೇಕು, ಕೂತು ತಿನ್ನುವ ಸಮಾಧಾನ ಬೇಕು. ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿರಸ, ಹಾಕಿದ ಪಾಪ್‌ಕಾರ್ನ್ ಮಾಡೋಣ ಅಂತ ಗುಂಪಿನ ಒಬ್ಬ ಅಕ್ಕ ತುಂಬ ಆಸೆಯಿಂದ ಪ್ರಯತ್ನಪಟ್ಟರು. ಹುಳಿ ಚೆನ್ನಾಗಿತ್ತು. ಆದರೆ ಅದು ದ್ರವ. ಬಿದ್ದ ಕಡೆಯೆಲ್ಲ ಅರಳು ಮುದುಡಿ ಹೋಯಿತು. ಗರಿಗರಿ ತಿಂಡಿಗೆ ಒಣ ಪುಡಿಯೇ ಸರಿ.

ನನ್ನ ಪ್ರಕಾರ ಕೊಡಗಿನಿಂದ ಹೊರಡಬಲ್ಲವು ಮೂರು: ಕರಿಮೆಣಸಿನ ಪಾಪ್‌ಕಾರ್ನ್, ನೇಂದ್ರ ಬಾಳೆಯ ಚಿಪ್ಸ್, ಮತ್ತೆ ಕಾಫಿ. ಚಾಕೊಲೇಟ್ ನಾಲ್ಕನೆಯದು, ಅದೂ ಹುಷಾರಾಗಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಮಡಿಕೇರಿಯ ಚಳಿಯಲ್ಲಿ ಕಲ್ಲಿನಂತಿದ್ದ ತುಂಡು ಚೆನ್ನೈ ತಲುಪುವಾಗ ಕಾಗದಕ್ಕೆ ಅಂಟಿರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿ. ರಾತ್ರಿ ಲೈಟು ಆರಿಸಿ ಟಿವಿ ಮುಂದೆ ನಾಲ್ಕು ಜನರನ್ನು ಕೂರಿಸಿ, ಪೊಟ್ಟಣ ಕೊಡಿ. ಏನೂ ಹೇಳಬೇಡಿ. ಆಮೇಲೆ ಲೈಟು ಹಾಕಿ ನೋಡಿ. ಬೆರಳಿಗೆ ಎಣ್ಣೆ ಎಷ್ಟು ಅಂಟಿದೆ, ಚಾಪೆ ಮೇಲೆ ಪುಡಿ ಎಷ್ಟು ಬಿದ್ದಿದೆ, ಕವರಿನ ಪರಪರ ಸದ್ದಿಗೆ ಯಾರು ತಿರುಗಿ ನೋಡಿದರು. ಇನ್ನೂ ದೊಡ್ಡ ಪರೀಕ್ಷೆ ಬೇಕೆಂದರೆ ಮಡಿಕೇರಿ ದಸರಾದ ದಶಮಂಟಪದ ರಾತ್ರಿ ಇದೆ. ಜನ ಕತ್ತಲಲ್ಲಿ ನಡೆಯುತ್ತ, ಮಂಟಪ ನೋಡುತ್ತ ತಿನ್ನುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಮೈದಾನವೂ ಒಳ್ಳೆ ಜಾಗ. ಅಲ್ಲಿಯೂ ಕಣ್ಣು ಚೆಂಡಿನ ಮೇಲೇ ಇರುತ್ತದೆ, ಅಲ್ವಾ?

ಹನ್ನೆರಡು ಸೆಕೆಂಡಿನ ಲೆಕ್ಕ

300 ಸೀಟಿನ ಥಿಯೇಟರ್ ತುಂಬಿದೆ ಅಂದುಕೊಳ್ಳಿ. ಇಂಟರ್ವಲ್‌ಗೆ ಅರ್ಧದಷ್ಟು ಜನ, ಅಂದರೆ 150 ಮಂದಿ, ಕ್ಯಾಂಟೀನಿಗೆ ಬರುತ್ತಾರೆ. ಇರುವುದು 10 ನಿಮಿಷ. ಮೂರು ಕಿಟಕಿ ಇದ್ದರೂ ಒಬ್ಬರಿಗೆ ಸಿಗುವುದು 12 ಸೆಕೆಂಡು. ದುಡ್ಡು ಕೊಡುವುದು, ಚಿಲ್ಲರೆ, ಸ್ಕ್ಯಾನ್ ಎಲ್ಲ ಅದರೊಳಗೇ ಆಗಬೇಕು. ನಿಮ್ಮ ತಿಂಡಿಯನ್ನು ಕಲಸಬೇಕು, ಈರುಳ್ಳಿ ಹೆಚ್ಚಿ ಹಾಕಬೇಕು, ನಿಂಬೆ ಹಿಂಡಬೇಕು ಅಂದರೆ ಆ ಸಾಲು ಮುಂದೆ ಹೋಗುವುದಿಲ್ಲ. ನಮ್ಮ ಕ್ಯಾಂಟೀನಿನಲ್ಲಿ ಚುರುಮುರಿ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಜನಕ್ಕೆ ಅದು ಇಷ್ಟ. ಆದರೆ ಹಿಂದೆ ನಿಂತವರು ಕಾದು ಕಾದು ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದರು.

ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ಇಪ್ಪತ್ತು ಜನರಿಗೆ ಕೊಟ್ಟು ನೋಡಿ. ಬಂದ ಸಮಯವನ್ನು ಬರೆದಿಡಿ. ಮೇಳದಲ್ಲಿ ಈ ಒಂದು ಅಂಕಿ ಹೇಳಿದರೆ ಎದುರಿಗಿದ್ದವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಮೆಣಸಿನ ಪಾಪ್‌ಕಾರ್ನ್ ಮಾಡುವ ಕ್ರಮ

ಪಾಪ್‌ಕಾರ್ನ್ ಥಿಯೇಟರಿಗೆ ಸುಮ್ನೆ ಬಂದದ್ದಲ್ಲ. ಚಾರ್ಲ್ಸ್ ಕ್ರೆಟರ್ಸ್ ಎಂಬವರು 1893ರಲ್ಲಿ ಷಿಕಾಗೋದ ವಿಶ್ವ ಮೇಳದಲ್ಲಿ ತಮ್ಮ ಹಬೆಯ ಪಾಪ್‌ಕಾರ್ನ್ ಗಾಡಿಯನ್ನು ತೋರಿಸಿದರು. ಅಮೆರಿಕದ ಥಿಯೇಟರಿನವರು ಮೊದಲು ಇದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಜಮಖಾನ ಹಾಳಾಗುತ್ತದೆ, ಸದ್ದಾಗುತ್ತದೆ ಅನ್ನುವ ಆತಂಕ. 1930ರ ದಶಕದ ಕಷ್ಟಕಾಲದಲ್ಲಿ ಕಡಿಮೆ ದುಡ್ಡಿನ ಈ ತಿಂಡಿಯೇ ಎಷ್ಟೋ ಥಿಯೇಟರುಗಳ ಕೈ ಹಿಡಿಯಿತು.

ಈಗ ಕೆಲಸಕ್ಕೆ ಬರೋಣ. ಕುಶಾಲನಗರ ಕಡೆ ಹೊಲದಲ್ಲಿ ಬೆಳೆಯುವ ಸಾಮಾನ್ಯ ಮುಸುಕಿನ ಜೋಳ ಇದಕ್ಕೆ ಆಗುವುದಿಲ್ಲ. ಅದರ ಸಿಪ್ಪೆ ಹಬೆಯನ್ನು ಹಿಡಿದಿಡುವುದಿಲ್ಲ. ಪಾಪ್‌ಕಾರ್ನ್ ಜೋಳವನ್ನೇ ಕೊಳ್ಳಿ. ಕಾಳಿನೊಳಗೆ ಸುಮಾರು 14% ತೇವ ಇರಬೇಕು. ಸುಮಾರು 180 ಡಿಗ್ರಿಗೆ ಆ ತೇವ ಹಬೆಯಾಗಿ ಸಿಪ್ಪೆಯನ್ನು ಒಡೆಯುತ್ತದೆ. ತೇವ ಕಡಿಮೆಯಾದರೆ ಕಾಳು ಅರಳುವುದಿಲ್ಲ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಇಡುವ ರೂಢಿ ನಮ್ಮಲ್ಲಿದೆ. ಜೋಳವನ್ನು ಮಾತ್ರ ಅಲ್ಲಿಡಬೇಡಿ. ಒಣಗಿಯೂ ಹೋಗುತ್ತದೆ, ಹೊಗೆ ವಾಸನೆಯೂ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯೇ ಒಳ್ಳೆಯದು.

ಮೂರು ಅಳತೆ ಜೋಳಕ್ಕೆ ಒಂದು ಅಳತೆ ಎಣ್ಣೆ. ಕೊಬ್ಬರಿ ಎಣ್ಣೆ ಥಿಯೇಟರ್ ಪಾಪ್‌ಕಾರ್ನ್‌ಗೆ ಹಳೇ ಗೆಳೆಯ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಮೇಳದ ಎಸಿ ಹಾಲ್‌ನಲ್ಲೂ ಅದೇ ಆಗುತ್ತದೆ. ಹಾಗಾಗಿ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ, ಚಮಚದಲ್ಲಿ ತೆಗೆಯಬಹುದು.

ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ, ಎಣ್ಣೆಯ ಜೊತೆಗೇ ಪಾತ್ರೆಗೆ ಹಾಕಿ. ಹರಳು ಉಪ್ಪು ಅರಳಿಗೆ ಅಂಟದೆ ಪೊಟ್ಟಣದ ತಳ ಸೇರುತ್ತದೆ. ಕರಿಮೆಣಸನ್ನು ಮಾತ್ರ ಪಾತ್ರೆಗೆ ಹಾಕಬಾರದು. ಆ ಬಿಸಿಗೆ ಸೀದು ಕಹಿಯಾಗುತ್ತದೆ, ಸುತ್ತ ನಿಂತವರಿಗೆಲ್ಲ ಕೆಮ್ಮು. ಅರಳು ಸುರಿದ ಕೂಡಲೇ, ಇನ್ನೂ ಬಿಸಿ ಇರುವಾಗ, ಸ್ವಲ್ಪ ಬೆಚ್ಚಗಿನ ಎಣ್ಣೆ ಚಿಮುಕಿಸಿ ಮೆಣಸಿನ ಪುಡಿ ಉದುರಿಸಿ. ಪುಡಿ ರವೆಗಿಂತ ಸಣ್ಣ, ಹಿಟ್ಟಿಗಿಂತ ದಪ್ಪ ಇರಲಿ. ತೀರಾ ನುಣ್ಣಗಾದರೆ ಪೊಟ್ಟಣ ಬಿಚ್ಚುವಾಗಲೇ ಸೀನು ಬರುತ್ತದೆ. ಮೆಣಸು ಇದೇ ವರ್ಷದ ಕೊಯ್ಲಿನದಾಗಿರಲಿ, ಪುಡಿ ಅದೇ ದಿನದ್ದಾಗಿರಲಿ. ಘಮ ಅದರಲ್ಲೇ ಇರುವುದು. ಬಣ್ಣ ಗಿಣ್ಣ ಏನೂ ಬೇಡ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿರಬಹುದು.

ಒಂದು ಕಿಲೋ ಒಳ್ಳೆ ಜೋಳದಿಂದ ಸುಮಾರು 40 ಲೀಟರ್ ಅರಳು ಬರುತ್ತದೆ. 100 ಮಿಲಿಲೀಟರಿನ ಕಾಗದದ ಲೋಟದಲ್ಲಿ ರುಚಿಗೆ ಕೊಟ್ಟರೆ 400 ಲೋಟ. ಚೆಲ್ಲಿದ್ದು, ಉಳಿದದ್ದು ಕಳೆದು 300 ಅಂತ ಲೆಕ್ಕ ಇಟ್ಟುಕೊಳ್ಳಿ.

ಮಳೆಯಿಂದ ಕಾಪಾಡುವುದು

ಮೊದಲ ಸಲ ನಾನು ಒಯ್ದದ್ದು ನೇಂದ್ರ ಚಿಪ್ಸ್. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಕರಿದು, ತೆಳು ಪ್ಲಾಸ್ಟಿಕ್ ಕವರಿಗೆ ತುಂಬಿ, ಮೇಣದಬತ್ತಿಯಲ್ಲಿ ಅಂಟಿಸಿ ಪಾರ್ಸೆಲ್ ಲಾರಿಗೆ ಹಾಕಿದ್ದೆ. ಲಾರಿಯ ಟಾರ್ಪಾಲು ಸರಿ ಮುಚ್ಚಿರಲಿಲ್ಲ. ಪೆಟ್ಟಿಗೆ ತಲುಪುವಾಗ ಹೊರಗಿನ ರಟ್ಟು ಒದ್ದೆ, ಒಳಗಿನ ಚಿಪ್ಸ್ ಮೆತ್ತಗೆ. ಮಳಿಗೆಗೆ ಬಂದ ಮೊದಲ ಹಿರಿಯರು ಒಂದು ಚೂರು ಬಾಯಿಗೆ ಹಾಕಿಕೊಂಡರು. ಎರಡನೆಯದನ್ನು ಮುಟ್ಟಲಿಲ್ಲ. 'ಒಳ್ಳೇದು' ಅಂದು ಮುಂದೆ ನಡೆದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಒಳಗೆ ಅಲ್ಯೂಮಿನಿಯಂ ಪದರ ಇರುವ ಪೌಚ್ ಬಳಸಿ, ಸೀಲಿಂಗ್ ಮಿಷನ್‌ನಲ್ಲೇ ಬಾಯಿ ಮುಚ್ಚಿ. ತಿಂಡಿ ಪೂರ್ತಿ ಆರಿದ ಮೇಲೆ ತುಂಬಿ, ಇಲ್ಲದಿದ್ದರೆ ಅದರದ್ದೇ ಹಬೆ ಒಳಗೆ ನೀರಾಗುತ್ತದೆ. ಆದರೆ ಆರಲಿ ಅಂತ ಜುಲೈ ತಿಂಗಳಲ್ಲಿ ತೆರೆದ ಜಗಲಿಯಲ್ಲಿ ಹರಡಬೇಡಿ. ಮುಚ್ಚಿದ ಕೋಣೆಯಲ್ಲಿ ಆರಿಸಿ. ರಟ್ಟಿನ ಪೆಟ್ಟಿಗೆಯ ಒಳಗೆ ದೊಡ್ಡ ಪಾಲಿಥೀನ್ ಚೀಲ ಹಾಸಿ. ಹೊರಡುವ ಮೊದಲು ಒಂದು ಪೊಟ್ಟಣವನ್ನು ಮನೆಯ ಹೊರಗಿನ ಸೂರಿನಡಿ ಹತ್ತು ದಿನ ಇಟ್ಟು ಬಿಚ್ಚಿ. ಮುರಿದಾಗ ಟಕ್ ಅಂತ ಸದ್ದು ಬಂದರೆ ಪ್ಯಾಕಿಂಗ್ ಗೆದ್ದಿತು.

ಕೊಡಗಿಗೆ ರೈಲಿಲ್ಲ. ಸಾಮಾನನ್ನು ರಸ್ತೆಯಲ್ಲೇ ಮೈಸೂರಿಗೋ ಬೆಂಗಳೂರಿಗೋ ಒಯ್ಯಬೇಕು. ಘಟ್ಟದ ರಸ್ತೆ ಮಳೆಗೆ ಯಾವಾಗ ಕೈಕೊಡುತ್ತದೆ ಅಂತ 2018ರಲ್ಲಿ ನೋಡಿದ್ದೇವೆ. ಎರಡು ದಿನ ಮುಂಚೆಯೇ ಹೊರಡಿ.

ದರ, ಕಾಗದ

ಮಾಲೀಕರು ಕೇಳುವ ಮೊದಲ ಪ್ರಶ್ನೆ ದರದ್ದೇ. 'ನೋಡಿ ಕೊಡಿ ಸಾರ್' ಅಂದರೆ ಅಲ್ಲಿಗೆ ಮಾತು ಮುಗಿಯಿತು. ಜೋಳ, ಎಣ್ಣೆ, ಮೆಣಸು, ಪೌಚ್, ಕೂಲಿ, ಸಾಗಣೆ, ಹಾಳಾಗುವ ಭಾಗ, ಎಲ್ಲ ಸೇರಿಸಿ ಒಂದು ಪೊಟ್ಟಣಕ್ಕೆ ಎಷ್ಟು ಬೀಳುತ್ತದೆ ಎಂದು ಬರೆಯಿರಿ. ಮನೆಯವರ ಕೂಲಿಯನ್ನು ಬಿಡಬೇಡಿ. ನಮ್ಮ ಗುಂಪುಗಳಲ್ಲಿ ಹೆಂಗಸರು ತಮ್ಮ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ನನಗೆ ಬೇಸರದ ವಿಷಯ. 100 ಪೊಟ್ಟಣಕ್ಕೆ ಒಂದು ದರ, 1000ಕ್ಕೆ ಒಂದು ದರ ಇರಲಿ. ತಿಂಗಳಿಗೆ ಎಷ್ಟು ಮಾಡಲು ಆಗುತ್ತದೆ ಅನ್ನುವುದನ್ನೂ ಸತ್ಯವಾಗಿ ಹೇಳಿ.

ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಇಲ್ಲದೆ ಹೋಗಬೇಡಿ. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಜೊತೆಗೆ ಏನೇನು ಹಾಕಿದ್ದೀರಿ, ತೂಕ, ತಯಾರಿಸಿದ ದಿನ, ಯಾವಾಗಿನವರೆಗೆ ತಿನ್ನಬಹುದು, ಗರಿಷ್ಠ ದರ, ವಿಳಾಸ, ಸಸ್ಯಾಹಾರದ ಹಸಿರು ಗುರುತು. ಪ್ಲಾಸ್ಟಿಕ್ ಚಮಚ, ಲೋಟ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಕಾಗದದ್ದೋ ಮರದ್ದೋ ಒಯ್ಯಿರಿ.

ಇನ್ನೊಂದು ವಿಷಯ ತಿಳಿದಿರಲಿ. ಹೊರಗಿನ ತಿಂಡಿ ತರಬಾರದು ಎಂದು ಥಿಯೇಟರಿನವರು ಹೇಳಬಹುದು, ಆದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅಂದರೆ ಒಳಗೆ ಬಂದವರಿಗೆ ಸಿಗುವುದು ಕ್ಯಾಂಟೀನಿನಲ್ಲಿ ಇರುವುದು ಮಾತ್ರ. ಅಲ್ಲಿ ನ್ಯಾಯವಾದ ದರದ ಒಳ್ಳೆ ತಿಂಡಿ ಇರಬೇಕು ಅನ್ನುವುದಕ್ಕೆ ನನಗೆ ಇದೇ ದೊಡ್ಡ ಕಾರಣ.

ಮಳಿಗೆಯ ದಿನ

ಮೊದಲ ವರ್ಷ ಮಳಿಗೆ ಹಾಕದೆ ಸುಮ್ನೆ ನೋಡಲು ಹೋಗಿ ಬನ್ನಿ. ಆಮೇಲೆ ಮೂರು ಗುಂಪು ಸೇರಿ ಒಂದು ಮಳಿಗೆ ಹಿಡಿಯಿರಿ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗ ಸಾಕು. ಗ್ಯಾಸ್ ಒಲೆಗೆ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. ಒಮ್ಮೆಗೆ ಎಂಟು ಔನ್ಸ್ ಜೋಳ ಹಿಡಿಯುವ ವಿದ್ಯುತ್ ಪಾಪ್‌ಕಾರ್ನ್ ಯಂತ್ರಕ್ಕೆ ಸುಮಾರು ಒಂದೂವರೆ ಕಿಲೋವ್ಯಾಟ್ ಬೇಕಾಗುತ್ತದೆ. ಅದನ್ನು ಅರ್ಜಿಯಲ್ಲೇ ಬರೆಯಿರಿ. ಹೋದ ಮೇಲೆ ಕೇಳಿದರೆ ತಡವಾಗುತ್ತದೆ.

ಅರಳುವ ಸದ್ದು, ಮೆಣಸಿನ ಘಮ, ಇವೆರಡೇ ನಿಮ್ಮ ಬೋರ್ಡು. ಒಮ್ಮೆಗೇ ರಾಶಿ ಮಾಡಿಡದೆ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಮಾಡಿ. ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಕೊಡಗಿನ ಅರೇಬಿಕಾ ಕಾಫಿ ಇರಲಿ. ಅದಕ್ಕೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದು ಹಾಕಿ. ಮಾತಾಡುವ ಕೆಲಸ ಒಬ್ಬರಿಗೆ, ಮಾಡುವ ಕೆಲಸ ಒಬ್ಬರಿಗೆ, ಬರೆದುಕೊಳ್ಳುವ ಕೆಲಸ ಒಬ್ಬರಿಗೆ. ಬಂದವರ ಥಿಯೇಟರಿನಲ್ಲಿ ಎಷ್ಟು ಸೀಟು, ಎಷ್ಟು ಕಿಟಕಿ, ಈಗ ಯಾವುದು ಜಾಸ್ತಿ ಹೋಗುತ್ತದೆ ಎಂದು ಕೇಳಿ ಪುಸ್ತಕದಲ್ಲಿ ಬರೆಯಿರಿ.

ಊರಿಗೆ ಬಂದ ವಾರದೊಳಗೆ ಎಲ್ಲರಿಗೂ ಫೋನ್ ಮಾಡಿ. ದೊಡ್ಡ ಆರ್ಡರ್ ಕೇಳಬೇಡಿ. ಒಂದು ಥಿಯೇಟರ್, ಒಂದು ವಾರಾಂತ್ಯ, 100 ಪೊಟ್ಟಣ ಅಷ್ಟೇ ಕೇಳಿ. ಆಗುವುದಾದರೆ ನೀವೇ ಅಲ್ಲಿಗೆ ಹೋಗಿ. ಶೋ ಬಿಟ್ಟ ಮೇಲೆ ಕಸ ಗುಡಿಸುವವರ ಜೊತೆ ಒಳಗೆ ನಡೆಯಿರಿ. ಕುರ್ಚಿಗಳ ಕೆಳಗೆ ಬಿದ್ದಿರುವ ನಿಮ್ಮ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ, ಬಾಯಿ ಬಿಡಿಸಿ ನೋಡಿ. ತಳದಲ್ಲಿ ಎಷ್ಟು ಉಳಿದಿದೆ ಅಂತ ಎಣಿಸಿ ಬರೆದುಕೊಳ್ಳಿ.