ತಲೆಗೆ ಮೆಹಂದಿ ಹಚ್ಚೋ ಮುಂಚೆ ಪ್ಯಾಕೆಟ್ ತಿರುಗಿಸಿ ಓದ್ರಿ

ನಮ್ಮ ದಾವಣಗೆರೇಲಿ ಮದುವೆ ಸೀಜನ್ ಬಂತು ಅಂದ್ರೆ ಮಂಡಿಪೇಟೆ ಕಡೆಯಿಂದ ಯಾರಾದ್ರೂ ಒಬ್ರು "ಬ್ಲ್ಯಾಕ್ ಹೆನ್ನಾ" ಪ್ಯಾಕೆಟ್ ತಂದೇ ತರ್ತಾರೆ, ಹರ್ಬಲ್ ಅಂತ ಬರ್ದಿದೆಯಲ್ಲ ಏನೂ ಆಗಲ್ಲ ಅಂತ ಮನೆಮಂದಿ ಎಲ್ಲಾ ಹಚ್ಕೊಂಡ್ಬಿಡ್ತಾರೆ. ದಯವಿಟ್ಟು ಇದೊಂದು ತಿಳ್ಕೊಳ್ರಿ, ಗಿಡದ ಮೆಹಂದಿ ಬಿಳಿ ಕೂದಲನ್ನ ಕಪ್ಪು ಮಾಡೋದೇ ಇಲ್ಲ. ಎಲೇಲಿರೋ ಬಣ್ಣ ಲಾಸೋನ್, ಅದು ಕೊಡೋದು ಕೇಸರಿ ಕೆಂಪು ಅಷ್ಟೇ. ಅರ್ಧ ಗಂಟೇಲಿ ಕಡುಕಪ್ಪಾಗುತ್ತೆ ಅಂದ್ರೆ ಅದ್ರಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನೋ ಹೇರ್ ಡೈ ಕೆಮಿಕಲ್ ಇರುತ್ತೆ.

ಅದಕ್ಕೇ ಹಿಂದುಗಡೆ ಸಣ್ಣ ಅಕ್ಷರ ಓದ್ರಿ, ಕಣ್ಣು ಕಾಣದಿದ್ರೆ ಮೊಬೈಲಲ್ಲಿ ಫೋಟೋ ತಗೊಂಡು ದೊಡ್ಡದು ಮಾಡಿ ನೋಡ್ರಿ. ಪ್ಯಾರಾ ಫಿನಿಲೀನ್ ಡೈಅಮೀನ್, ಅದೇ ಪಿಪಿಡಿ, ಅಂತ ಇದ್ರೆ ಅದು ಡೈ, ಹಾಗೇ ತಿಳ್ಕೊಂಡು ಹುಷಾರಾಗಿರ್ರಿ. ಏನು ಹಾಕಿದಾರೆ ಅಂತ ಬರ್ದೇ ಇಲ್ವಾ, ಅದನ್ನ ತರಲೇಬೇಡ್ರಿ, ನನ್ ಪ್ರಕಾರ ಎಷ್ಟು ಅಗ್ಗ ಆದ್ರೂ ಬೇಡ.

ಯಾವುದೇ ಇರ್ಲಿ, ಮೊದಲು ಟೆಸ್ಟ್. ಕಲಸಿದ್ದನ್ನ ಮೊಣಕೈ ಒಳಮಡಿಕೇಲಿ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ, ಪ್ಯಾಕೆಟ್ಟಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ತೊಳೀರಿ, ಆಮೇಲೆ 48 ಗಂಟೆ ಕಾಯ್ರಿ. ನಾಳೆ ಮದುವೆ ಇವತ್ತು ಟೆಸ್ಟ್ ಅಂದ್ರೆ ಆಗಲ್ಲ, ಪಿಪಿಡಿಯಿಂದ ಬರೋ ಅಲರ್ಜಿ ಎಷ್ಟೋ ಸಲ ಒಂದೆರಡು ದಿನ ಬಿಟ್ಟೇ ಏಳೋದು. ಇಷ್ಟು ವರ್ಷ ಹಚ್ಚಿದೀನಿ ನಂಗೇನಾಗಿಲ್ಲ ಅನ್ನೋರಿಗೂ ಇದ್ದಕ್ಕಿದ್ದಂಗೆ ಶುರುವಾಗಬಹುದು, ಒಂದ್ಸಲ ಮೈಗೆ ಆಗಲ್ಲ ಅಂತಾದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಆಗಲ್ಲ. ಕೈ ಮೇಲೆ ಹಾಕಿಸ್ಕೊಂಡ ಕಪ್ಪು ಮೆಹಂದಿ ಟ್ಯಾಟೂಯಿಂದ ಕೆರೆತ ಬಂದಿದ್ರೆ ಅಂತೋರು ಟೆಸ್ಟೂ ಬೇಡ, ಡೈ ಮುಟ್ಟಲೇಬೇಡ್ರಿ.

ಕಪ್ಪೇ ಬೇಕು ಅಂದ್ರೆ ಎರಡು ಹಂತದ ದಾರಿ ಇದೆ, ಮೊದಲು ಬರೀ ಮೆಹಂದಿ ಹಚ್ಚಿ ತೊಳ್ದು, ಆಮೇಲೆ ನೀಲಿ ಗಿಡದ ಎಲೆ ಪುಡಿ, ಅದೇ ಇಂಡಿಗೋ ಅಂತಾರಲ್ಲ, ಅದನ್ನ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹಚ್ಚೋದು. ಟೈಮ್ ಹಿಡಿಯುತ್ತೆ ಹೌದು, ಆದ್ರೆ ಪಿಪಿಡಿ ಇರಲ್ಲ. ಇದಕ್ಕೂ ಪ್ಯಾಕೆಟ್ ಓದಿ ಟೆಸ್ಟ್ ಮಾಡ್ರಿ.

ಮೀಸೆಗೆ ಹಚ್ಚೋವಾಗ ಉಳಿದಿದ್ದನ್ನ ಹುಬ್ಬಿಗೂ ಸವರ್ಕೊಳ್ಳೋ ಗಂಡಸರು ಬಾಳ ಜನ ಇದಾರೆ. ಡೈಯನ್ನ ಹುಬ್ಬು ರೆಪ್ಪೆಗೆ ಹಚ್ಬೇಡ್ರಿ, ಕಣ್ಣೇ ಹೋಗಬಹುದು. ತಲೇಲಿ ಗಾಯ, ಹುಣ್ಣು ಇದ್ರೆ ವಾಸಿಯಾಗೋವರೆಗೂ ಬಿಡ್ರಿ. ಇನ್ನು ಜಿ6ಪಿಡಿ ಅಂದ್ರೆ ರಕ್ತದ ಕೆಂಪುಕಣ ಕಾಪಾಡೋ ಕಿಣ್ವ, ಅದರ ಕೊರತೆ ಇರೋರಿಗೆ, ಅದ್ರಲ್ಲೂ ಮಕ್ಕಳಿಗೆ, ಅಪ್ಪಟ ಮೆಹಂದಿಯಿಂದಲೂ ಕೆಂಪುಕಣ ಒಡೆದು ಸೀರಿಯಸ್ ಆಗಬಹುದು, ಹಸುಗೂಸುಗಳ ಕೈಕಾಲಿಗೂ ಬೇಡ.

ಹಚ್ಚಿದ ಮೇಲೆ ಉರಿ, ಕೆರೆತ ಶುರುವಾದ್ರೆ ಟೈಮ್ ಆಗ್ಲಿ ಅಂತ ಕೂರಬೇಡ್ರಿ, ತಕ್ಷಣ ತುಂಬಾ ನೀರಲ್ಲಿ ತೊಳೀರಿ. ಮುಖ, ರೆಪ್ಪೆ ಊದ್ಕೊಂಡ್ರೆ ಡಾಕ್ಟರ್ ಹತ್ರ, ಉಸಿರಾಟ ಕಷ್ಟ ಆದ್ರೆ ಒಂದು ನಿಮಿಷನೂ ತಡ ಮಾಡ್ದೆ 108ಕ್ಕೆ ಫೋನ್ ಮಾಡ್ರಿ, ಹೋಗೋವಾಗ ಆ ಖಾಲಿ ಪ್ಯಾಕೆಟ್ಟೂ ಜೊತೆಗೆ ತಗೊಂಡು ಹೋಗ್ರಿ.